ಟ್ರೆಂಟ್ ಪಾರ್ಕ್ ಬಗ್ಗೆ ಬರೆದು ಕಳಿಸಿದ ನಿಮಗೆ

ಆತ್ಮೀಯರೇ, ನಮಸ್ಕಾರ.

ನಿಮ್ಮ ‘ಗೋಡೆಗೂ ಕಿವಿಯುಂಟು’ ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಗೆಂದು ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಜನರಲ್‌ಗಳನ್ನು ಇಂಗ್ಲೆಂಡಿನ ಒಂದು ಭವ್ಯ ಬಂಗಲೆಯಲ್ಲಿಟ್ಟು, ಅವರ ಮಾತನ್ನೆಲ್ಲ ಕದ್ದು ಕೇಳಿದ ಕಥೆಯನ್ನು ನೀವು ಆರಿಸಿಕೊಂಡಿದ್ದೀರಿ. ಓದುತ್ತಾ ಹೋದಂತೆ, ಈ ಕಥೆಯ ಜೀವ ಎಲ್ಲಿದೆಯೋ ಅಲ್ಲಿಗೆ ನೀವು ಹೋಗಲೇ ಇಲ್ಲವಲ್ಲ ಎನಿಸಿತು. ಅದಕ್ಕೇ ಇಷ್ಟುದ್ದದ ಪತ್ರ.

ಭಾಷೆಯಿಂದಲೇ ಶುರುಮಾಡುತ್ತೇನೆ. ‘ಮಂಜು ಮುಸುಕಿದ ಆ ರಾತ್ರಿ ಲಂಡನ್ನಿನ ಹೊರವಲಯದ ಹಳ್ಳಿಮನೆಯೊಂದರಲ್ಲಿ ಸಂಭಾಷಣೆಗಳು ಆಲಿಸಲ್ಪಡುತ್ತಿದ್ದವು’ ಎಂಬುದು ನಿಮ್ಮ ಮೊದಲ ವಾಕ್ಯ. ಹಳ್ಳಿಮನೆ ಎಂದಕೂಡಲೇ ನಮ್ಮ ಓದುಗನ ಕಣ್ಣಿಗೆ ಬರುವುದು ನಾಡಹೆಂಚು, ಜಗಲಿ, ಅಂಗಳದಲ್ಲಿ ಒಣಹಾಕಿದ ಅಡಿಕೆ. ಟ್ರೆಂಟ್ ಪಾರ್ಕ್ ಎಂದರೆ ಲಂಡನ್ನಿನ ಉತ್ತರಕ್ಕೆ, ಕಾಕ್‌ಫಾಸ್ಟರ್ಸ್ ಹತ್ತಿರ, ಹುಲ್ಲುಗಾವಲು ಕಾಡು ಕೆರೆಗಳ ನಡುವೆ ನಿಂತ ಅರಮನೆಯಂಥ ಕಟ್ಟಡ. ಬಂಗಲೆ ಎನ್ನಿ, ಸಾಕು. ಮಂಜು ಬೇಡ.

ಇನ್ನು ಆ ‘ಲ್ಪಟ್ಟ’. ‘ಆಲಿಸಲ್ಪಟ್ಟಿತು’, ‘ದಾಖಲಿಸಲ್ಪಟ್ಟವು’, ‘ಅಡಗಿಸಲ್ಪಟ್ಟಿದ್ದವು’: ಐದು ಪುಟದಲ್ಲಿ ಹತ್ತೊಂಬತ್ತು ಸಲ ಬಂದಿದೆ, ಎಣಿಸಿದ್ದೇನೆ. ಕಿವಿಗೆ ಕಟುವಾಗುತ್ತದೆ ಎನ್ನುವುದಕ್ಕಿಂತ ದೊಡ್ಡ ತೊಂದರೆ ಇಲ್ಲಿದೆ. ಕನ್ನಡದಲ್ಲಿ ನಾವು ‘ಯಾರೋ ಕೇಳಿಸಿಕೊಂಡರು’ ಎನ್ನುತ್ತೇವೆ. ಕೇಳಿದವನು ಕ್ರಿಯಾಪದದ ಪಕ್ಕದಲ್ಲೇ ನಿಂತಿರುತ್ತಾನೆ. ಅವನನ್ನು ನೀವು ಹತ್ತೊಂಬತ್ತು ಸಲವೂ ವಾಕ್ಯದಿಂದ ಹೊರಗೆ ತಳ್ಳಿದ್ದೀರಿ. ನಿಮ್ಮ ಲೇಖನದ ಮುಖ್ಯ ಮನುಷ್ಯ ಅವನೇ.

ಯಾರು ಅವನು? ಆ ಬಂಗಲೆಯ ನೆಲಮಾಳಿಗೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವರಲ್ಲಿ, ಯುದ್ಧದ ನಡುಭಾಗದಿಂದ ಮುಂದಕ್ಕೆ, ಬಹಳಷ್ಟು ಜನ ಜರ್ಮನಿ, ಆಸ್ಟ್ರಿಯಾಗಳಿಂದ ಓಡಿಬಂದ ನಿರಾಶ್ರಿತರು, ಹೆಚ್ಚಿನವರು ಯಹೂದಿಗಳು. ಶಾಲೆಯಲ್ಲಿ ಜರ್ಮನ್ ಕಲಿತ ಇಂಗ್ಲಿಷರಿಗೆ ಬವೇರಿಯಾದವನ ಆಡುಮಾತು, ಸೈನಿಕರ ಒಳಭಾಷೆ ಹಿಡಿತಕ್ಕೆ ಬರುತ್ತಿರಲಿಲ್ಲ. ಅದಕ್ಕೆ ಹುಟ್ಟುಭಾಷೆಯವರೇ ಬೇಕಾದರು. ಇದೇ ಜನರನ್ನು 1940ರಲ್ಲಿ ಬ್ರಿಟಿಷ್ ಸರ್ಕಾರ ‘ಶತ್ರು ದೇಶದವರು’ ಎಂದು ಶಿಬಿರಗಳಲ್ಲಿ ಕೂಡಿಹಾಕಿತ್ತು. ಬಿಡುಗಡೆಯಾದ ಮೇಲೆ ಸೈನ್ಯದ ಪಯೋನಿಯರ್ ಕೋರ್ ಎಂಬ ಕೂಲಿ ಕೆಲಸದ ದಳದಲ್ಲಿ ಗುದ್ದಲಿ ಕೊಟ್ಟಿತ್ತು. ಅಲ್ಲಿಂದ ಆರಿಸಿ, ಗುಟ್ಟು ಕಾಯುವ ಕಾಗದಕ್ಕೆ ಸಹಿ ಹಾಕಿಸಿ ಕರೆತಂದರು. ತಂದೆತಾಯಿ, ಅಣ್ಣತಮ್ಮ ಇನ್ನೂ ಹಿಟ್ಲರನ ಕೈಕೆಳಗೇ ಇದ್ದಾರೆ, ಇದ್ದಾರೋ ಇಲ್ಲವೋ ಗೊತ್ತಿಲ್ಲ. ಅಂಥ ಸ್ಥಿತಿಯಲ್ಲಿ ಒಬ್ಬ ಹುಡುಗ ಕೂತು, ತನ್ನ ತಾಯಿ ಜೋಗುಳ ಹಾಡಿದ ಭಾಷೆಯಲ್ಲೇ, ಹಳ್ಳದ ಅಂಚಿನಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದ ವಿವರವನ್ನು ಕೇಳುತ್ತಾನೆ. ಹೇಳುವವನು ಪಿಸುಗುಟ್ಟುವುದೂ ಇಲ್ಲ. ಊಟದ ನಂತರದ ಹರಟೆಯ ಹಾಗೆ ಹೇಳುತ್ತಿರುತ್ತಾನೆ.

ಇದರ ಬಗ್ಗೆ ನಿಮ್ಮ ಐದು ಪುಟದಲ್ಲಿರುವುದು ಒಂದೂವರೆ ಸಾಲು.

ಮೈಕ್ರೊಫೋನಿನ ಬಗ್ಗೆ ಮಾತ್ರ ಎರಡು ಪುಟ ಇದೆ. ದೀಪದ ಬುಡದಲ್ಲಿ, ಬೆಂಕಿಗೂಡಿನಲ್ಲಿ, ಬಿಲಿಯರ್ಡ್ಸ್ ಮೇಜಿನಲ್ಲಿ, ಹೂಕುಂಡದಲ್ಲಿ, ತೋಟದ ಮರದಲ್ಲಿ ಸಹ ಇತ್ತು ಎಂದು ಪಟ್ಟಿ ಕೊಟ್ಟಿದ್ದೀರಿ. ಒಂದು ಪ್ಯಾರಾ ಸಾಕು. ಉಳಿದ ಜಾಗದಲ್ಲಿ ಕೆಳಗಿನ ಕೋಣೆಯ ಕೆಲಸ ತೋರಿಸಿ. ಮಾತು ಹುರುಳಿಲ್ಲದ್ದಾದರೆ ಸುಮ್ಮನೆ ಕೇಳುತ್ತಿರುತ್ತಾರೆ: ಊಟ, ಹವಾಮಾನ, ಕಾಲುನೋವು. ಏನೋ ತೂಕದ್ದು ಬರುತ್ತಿದೆ ಎನಿಸಿದ ಕ್ಷಣ ಒಂದು ಲಿವರ್ ಒತ್ತಬೇಕು, ಧ್ವನಿ ಮುದ್ರಿಸುವ ತಟ್ಟೆ ತಿರುಗತೊಡಗುತ್ತದೆ. ಇನ್ನೊಂದು ಲಿವರ್ ಎಳೆಯಬೇಕು, ಕೊರೆಯುವ ಮುಳ್ಳು ತಟ್ಟೆಯ ಮೇಲೆ ಇಳಿಯುತ್ತದೆ. ಒಂದು ತಟ್ಟೆಯಲ್ಲಿ ಹಿಡಿಯುವುದು ಕೆಲವೇ ನಿಮಿಷದ ಮಾತು. ಆಮೇಲೆ ಅದೇ ಮುದ್ರಣವನ್ನು ಮತ್ತೆ ಮತ್ತೆ ಹಾಕಿ, ಅಕ್ಷರಕ್ಕಿಳಿಸಬೇಕು. ಕೊಲೆಗಳ ವಿವರವನ್ನೂ ಹಾಗೆಯೇ, ಒಂದು ಪದ ತಪ್ಪದಂತೆ, ತಿರುತಿರುಗಿ ಕೇಳಬೇಕು. ಅಂಥ ತಟ್ಟೆಗಳ ಮೇಲೆ ಕೆಂಪು ಬಣ್ಣದಲ್ಲಿ ‘ಎ’ (ಅಟ್ರಾಸಿಟಿ, ಅಂದರೆ ಕ್ರೌರ್ಯ) ಎಂದು ಬರೆದು, ಅಳಿಸದೆ ತೆಗೆದಿಡಬೇಕಿತ್ತು. ಆ ಲಿವರ್ ಮೇಲಿನ ಕೈಯನ್ನು ನೀವು ನನಗೆ ತೋರಿಸಿದ್ದರೆ ಮಂಜಿನ ರಾತ್ರಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಇಲ್ಲೊಂದು ತಿದ್ದುಪಡಿ. ಬರ್ಲಿನ್ನಿನಿಂದ 1939ರಲ್ಲಿ ಬಂದ, ಚೆಲ್ಲೋ ನುಡಿಸುತ್ತಿದ್ದ ಫ್ರಿಟ್ಜ್ ಲುಸ್ಟಿಗ್ ಅವರನ್ನು ನೀವು ಟ್ರೆಂಟ್ ಪಾರ್ಕಿನಲ್ಲಿ ಕೂರಿಸಿದ್ದೀರಿ. ಅವರು ಕೆಲಸ ಮಾಡಿದ್ದು ಬಕಿಂಗ್‌ಹ್ಯಾಮ್‌ಶೈರ್‌ನ ಲ್ಯಾಟಿಮರ್ ಹೌಸ್ ಮತ್ತು ವಿಲ್ಟನ್ ಪಾರ್ಕ್‌ಗಳಲ್ಲಿ. ಇದೇ ವ್ಯವಸ್ಥೆಯ ಇನ್ನೆರಡು ಬಂಗಲೆಗಳು ಅವು. ಹಾಗೆಯೇ ಜರ್ಮನರ ಎನಿಗ್ಮಾ ಸಂಕೇತ ಬಿಡಿಸಿದ ಗಣಿತಜ್ಞ ಟ್ಯೂರಿಂಗ್ ಅವರ ಪ್ರಸಂಗವನ್ನು ಪೂರ್ತಿ ತೆಗೆಯಿರಿ. ಅದು ನಡೆದದ್ದು ಸಂಕೇತ ಬಿಡಿಸುವವರ ಬೇರೆಯದೇ ಕೇಂದ್ರವಾದ ಬ್ಲೆಚ್ಲಿ ಪಾರ್ಕಿನಲ್ಲಿ. ಅಲ್ಲಿ ಗಣಿತ, ಇಲ್ಲಿ ಮನುಷ್ಯನ ಬಾಯಿಚಪಲ.

ಆ ಬಾಯಿಚಪಲವನ್ನು ಹೇಗೆ ಬೆಳೆಸಿದರು ಎನ್ನುವ ಭಾಗವನ್ನು ನೀವು ಚೆನ್ನಾಗಿ ಬರೆದಿದ್ದೀರಿ, ಅದನ್ನು ಮುಟ್ಟಬೇಡಿ. ವ್ಯವಸ್ಥೆಯ ಮುಖ್ಯಸ್ಥ ಥಾಮಸ್ ಕೆಂಡ್ರಿಕ್ ಮುಂಚೆ ವಿಯೆನ್ನಾದಲ್ಲಿ ಪಾಸ್‌ಪೋರ್ಟ್ ಅಧಿಕಾರಿಯ ಹೆಸರಿನಲ್ಲಿ ಗೂಢಚಾರಿಕೆ ನಡೆಸಿದವರು. ಅಲ್ಲಿಂದ ಅನೇಕ ಯಹೂದಿಗಳನ್ನು ಪಾರುಮಾಡಿದವರು. 1938ರ ಆಗಸ್ಟಿನಲ್ಲಿ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಕೈಗೆ ಸಿಕ್ಕಿ ಹೊರಬಂದವರು. ಹೊಡೆತಕ್ಕಿಂತ ಉಪಚಾರ ಬಾಯಿ ಬಿಡಿಸುತ್ತದೆ ಎಂದು ಅವರಿಗೆ ಗೊತ್ತಿತ್ತು. ವಿಚಾರಣೆಯನ್ನು ಬೇಕೆಂದೇ ಪೆದ್ದುಪೆದ್ದಾಗಿ ನಡೆಸುವುದು, ಕೈದಿ ಕೋಣೆಗೆ ಮರಳಿ ‘ಇಂಥದ್ದನ್ನು ನಾನು ಹೇಳಲೇ ಇಲ್ಲ’ ಎಂದು ಜೊತೆಗಾರನ ಮುಂದೆ ಜಂಬ ಕೊಚ್ಚಿಕೊಳ್ಳುವವರೆಗೆ ಕಾಯುವುದು. ಲಾರ್ಡ್ ಅಬರ್ಫೆಲ್ಡಿ ಎಂಬ ಸುಳ್ಳು ಹೆಸರಿನ ‘ರಾಜಬಂಧು’ ಲಂಡನ್ನಿನಿಂದ ಜನರಲ್‌ಗಳಿಗೆ ಬೇಕಾದ ಸಾಮಾನು ತಂದುಕೊಡುತ್ತಿದ್ದ ದೃಶ್ಯ ನನಗೆ ತುಂಬ ಹಿಡಿಸಿತು. ಅವನು ಗುಪ್ತಚರ ಅಧಿಕಾರಿ ಎಂಬುದನ್ನು ಮೊದಲೇ ಹೇಳದೆ ಕೊನೆಗೆ ಬಿಟ್ಟುಕೊಟ್ಟದ್ದೂ ಸರಿ.

ರಾಕೆಟ್ ಪ್ರಸಂಗದಲ್ಲಿ ಮಾತ್ರ ಉತ್ಸಾಹ ಹೆಚ್ಚಾಗಿದೆ. 1943ರ ಮಾರ್ಚ್ 22ರಂದು ಜನರಲ್ ಫಾನ್ ಟೋಮಾ, ಜನರಲ್ ಕ್ರೂವೆಲ್ ಬಳಿ, ಕುಮ್ಮರ್ಸ್‌ಡಾರ್ಫ್ ಹತ್ತಿರ ತಾನು ನೋಡಿದ ರಾಕೆಟ್ ಪ್ರಯೋಗದ ಬಗ್ಗೆ ಮಾತಾಡಿದ್ದು ನಿಜ. ನಾವಿರುವುದು ಲಂಡನ್ ಹತ್ತಿರ, ಇನ್ನೂ ಸದ್ದೇ ಕೇಳಿಲ್ಲ, ಅಂದರೆ ಕೆಲಸ ಮುಂದೆ ಹೋಗಿಲ್ಲ ಎಂಬುದು ಅವನ ತರ್ಕ. ಆದರೆ ‘ಈ ಒಂದು ಮಾತಿನಿಂದ ಪೇನೆಮುಂಡೆಯ ರಹಸ್ಯ ಬಯಲಾಯಿತು’ ಎಂದರೆ ತಪ್ಪಾಗುತ್ತದೆ. ಜರ್ಮನರ ರಾಕೆಟ್ ಕೇಂದ್ರವಾದ ಪೇನೆಮುಂಡೆಯ ಹೆಸರು 1939ರಲ್ಲೇ ಓಸ್ಲೊದಿಂದ ಬಂದ ಅನಾಮಧೇಯ ವರದಿಯಲ್ಲಿತ್ತು, ಹೆಚ್ಚಿನವರು ನಂಬಿರಲಿಲ್ಲ. ಟೋಮಾನ ಮಾತು ಆ ಹಳೆಯ ಅನುಮಾನಕ್ಕೆ ಜೀವ ಕೊಟ್ಟಿತು. ಆಮೇಲೆ ವಿಮಾನದಿಂದ ತೆಗೆದ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದರು (ಥೇಮ್ಸ್ ದಂಡೆಯ ಇನ್ನೊಂದು ಬಂಗಲೆಯಲ್ಲಿ, ನೋಡಿ!). 1943ರ ಆಗಸ್ಟ್ 17ರ ರಾತ್ರಿ 596 ವಿಮಾನಗಳು ಹೋಗಿ ಬಾಂಬು ಹಾಕಿದವು. ಅಲ್ಲಿಗೆ ನಿಲ್ಲಿಸಬೇಡಿ. ಬಾಂಬುಗಳಲ್ಲಿ ಕೆಲವು ಪಕ್ಕದ ಟ್ರಾಸೆನ್‌ಹೈಡೆ ಶಿಬಿರದ ಮೇಲೆ ಬಿದ್ದು, ಜರ್ಮನರು ಹಿಡಿದುತಂದು ದುಡಿಸುತ್ತಿದ್ದ ನೂರಾರು ಪರದೇಶಿ ಕೂಲಿಗಳು ಸತ್ತರು. ರಾಕೆಟ್ ತಡವಾಯಿತು, ನಿಲ್ಲಲಿಲ್ಲ. 1944ರ ಸೆಪ್ಟೆಂಬರ್ 8ರಂದು ಲಂಡನ್ನಿನ ಮೇಲೆ ಮೊದಲ ವಿ-2 ರಾಕೆಟ್ ಚಿಸ್ವಿಕ್‌ನಲ್ಲಿ ಬಂದು ಬಿತ್ತು. ಗೆಲುವಿನ ಕಹಳೆ ಊದಿ ಪ್ಯಾರಾ ಮುಗಿಸಿದ್ದು ನನಗೆ ನೋವಾಯಿತು.

ಇನ್ನೂ ನೋವಾಗಿದ್ದು, ಪ್ಯಾರಿಸ್‌ನಲ್ಲಿ ಜರ್ಮನ್ ಪಡೆಯ ಮುಖ್ಯಸ್ಥನಾಗಿದ್ದ ಜನರಲ್ ಕೋಲ್ಟಿಟ್ಸ್ ಭಾಗ. ‘ಪ್ಯಾರಿಸ್ ಉಳಿಸಿದ ಸಹೃದಯಿ’ ಎಂದು ಬರೆದಿದ್ದೀರಿ. ಅದೇ ಜನರಲ್ 1944ರ ಆಗಸ್ಟ್ 29ರಂದು, ಇದೇ ಬಂಗಲೆಯಲ್ಲಿ, ತನ್ನ ಪಾಲಿಗೆ ಬಂದ ಅತ್ಯಂತ ಕಠಿಣ ಕೆಲಸ ಯಹೂದಿಗಳನ್ನು ಮುಗಿಸುವುದಾಗಿತ್ತು, ಅದನ್ನು ತಾನು ಪೂರ್ತಿಯಾಗಿ ಮಾಡಿದೆ ಎಂದು ಟೋಮಾನ ಮುಂದೆ ಹೇಳಿಕೊಂಡ. ಕೆಳಗೆ ಯಾರೋ ಅದನ್ನು ಬರೆದುಕೊಂಡರು. ಆ ಕಾಗದ ಇವತ್ತಿಗೂ ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಕದ್ದು ಕೇಳುವ ವಿಧಾನದ ಗುಟ್ಟು ಉಳಿಯಬೇಕೆಂದು ಈ ಕಾಗದಗಳನ್ನು ಯುದ್ಧಾಪರಾಧದ ವಿಚಾರಣೆಗೆ ಕೊಡಲಿಲ್ಲ. ಅರ್ಧ ಶತಮಾನ ಮುಚ್ಚಿಟ್ಟರು. ಕೇಳಿದವರು ಹೆಂಡತಿ ಮಕ್ಕಳಿಗೂ ಹೇಳದೆ ಮುದುಕರಾದರು. ನಿಮ್ಮ ಲೇಖನ ಇದರ ಸುತ್ತ ಬೆಳೆಯಬೇಕಿತ್ತು.

ಕೊನೆಯದಾಗಿ ‘ಬಾಗಿಲು ಕಾಯುತ್ತಿದ್ದ ಮೈಸೂರಿನ ಯೋಧ’. ಅವನನ್ನು ದಯವಿಟ್ಟು ತೆಗೆಯಿರಿ, ಅವನಿಗೆ ಆಧಾರವಿಲ್ಲ. ನಮ್ಮ ಕಡೆಯ ನಂಟು ಬೇಕೆನಿಸಿದ್ದು ಅರ್ಥವಾಗುತ್ತದೆ. ಟಿಪ್ಪು ವಂಶದ ನೂರ್ ಇನಾಯತ್ ಖಾನ್ 1943ರಲ್ಲಿ ಇಂಗ್ಲೆಂಡಿನ ಬ್ಯೂಲಿಯ ಬಂಗಲೆಗಳಲ್ಲಿ ಗೂಢಚಾರಿಕೆಯ ತರಬೇತಿ ಪಡೆದು ಫ್ರಾನ್ಸಿಗೆ ಹೋದರು, ಡಾಖಾವ್ ನಾಜಿ ಸೆರೆಶಿಬಿರದಲ್ಲಿ ಕೊಲೆಯಾದರು. ಅದನ್ನು ಬೇರೆಯಾಗಿಯೇ ಬರೆಯಿರಿ. ಟ್ರೆಂಟ್ ಪಾರ್ಕಿಗೆ ನಮ್ಮ ನೆಲದ ನಂಟು ಇನ್ನೊಂದಿದೆ, ಅದನ್ನು ನೀವು ‘ಒಬ್ಬ ಶ್ರೀಮಂತ ರಾಜಕಾರಣಿಯ ಮನೆ’ ಎಂದು ದಾಟಿಬಿಟ್ಟಿದ್ದೀರಿ. ಆ ರಾಜಕಾರಣಿ ಫಿಲಿಪ್ ಸಸೂನ್. ಮುತ್ತಜ್ಜ ಡೇವಿಡ್ ಸಸೂನ್ ಬಾಗ್ದಾದಿನಿಂದ ಮುಂಬೈಗೆ ಬಂದು ಹತ್ತಿ, ಅಫೀಮಿನ ವ್ಯಾಪಾರದಲ್ಲಿ ಬೆಳೆದ ಯಹೂದಿ. ಮುಂಬೈಯ ಮೀನುಬಂದರು, 1875ರ ಸಸೂನ್ ಡಾಕ್, ಫಿಲಿಪ್ ಅವರ ಅಜ್ಜ ಕಟ್ಟಿಸಿದ್ದು. ಮುಂಬೈಯಲ್ಲಿ ಮೀನು ಕೊಳ್ಳುವ ಎಷ್ಟೋ ಕನ್ನಡಿಗರಿಗೆ ಆ ಹೆಸರು ಬಾಯಲ್ಲೇ ಇದೆ. ಫಿಲಿಪ್ 1939ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಕೊನೆಗೆ ಸೈನ್ಯ ಆ ಮನೆಗೆ ತಂತಿ ಎಳೆಯಿತು. ಮುಂಬೈಯ ಯಹೂದಿ ಹಣ ಕಟ್ಟಿದ ಮನೆಯ ಮಾಳಿಗೆಯಲ್ಲಿ ಹಿಟ್ಲರನ ಜನರಲ್‌ಗಳು. ನೆಲದ ಕೆಳಗೆ ಹೆಡ್‌ಫೋನ್ ಹಾಕಿದ ಯಹೂದಿ ಹುಡುಗರು. ನಾನಾಗಿದ್ದರೆ ಎರಡನೇ ಪ್ಯಾರಾದಲ್ಲೇ ಇದನ್ನು ಇಡುತ್ತಿದ್ದೆ.

ಎರಡು ತಿಂಗಳು ತೆಗೆದುಕೊಳ್ಳಿ. 1,800 ಪದ ಮೀರಬೇಡಿ. ಶೀರ್ಷಿಕೆಯಲ್ಲಿ ಗೋಡೆ ಬೇಡ. ಹೊಸ ಕರಡಿನ ಮೊದಲ ಪುಟ ಮಾತ್ರ ಮುಗಿದಿದ್ದರೂ ಸರಿ, ಕಳಿಸಿ. ಲಿವರ್ ಎಳೆಯುವ ಕೈ ಅದರಲ್ಲಿದೆಯೇ ಎಂದು ನೋಡಿ, ಕೂಡಲೇ ಉತ್ತರ ಬರೆಯುತ್ತೇನೆ.

ವಿಶ್ವಾಸದಿಂದ,
ಸಂಪಾದಕ