50ಕ್ಕೆ 50 ಸೇರಿದರೂ ನೂರಾಗದೇಕೆ?

ಪ್ರಶ್ನೆ: ಲ್ಯಾಬಿನಲ್ಲಿ 50 ಮಿ.ಲೀ. ನೀರಿಗೆ 50 ಮಿ.ಲೀ. ಎಥನಾಲ್ (ಮದ್ಯದಲ್ಲಿರುವ ಆಲ್ಕೋಹಾಲ್) ಸೇರಿಸಿದೆವು. ಬಂದಿದ್ದು 96 ಚಿಲ್ಲರೆ, ಜಾಡಿಯೂ ಬೆಚ್ಚಗಾಯಿತು. ಉಳಿದದ್ದು ಆವಿಯಾಯಿತೇ?

ಉತ್ತರ: ಇಲ್ಲ, ಎಲ್ಲೂ ಹೋಗಿಲ್ಲ. ಬೇಕಿದ್ದರೆ ತೂಕ ಮಾಡಿ ನೋಡಿ, ಅಷ್ಟೇ ಇರುತ್ತದೆ. ಕಡಿಮೆಯಾಗಿದ್ದು ಜಾಗ ಮಾತ್ರ. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಒಂದರ ಕೈ ಒಂದು ಹಿಡಿದಿರುತ್ತವೆ, ನಡುವೆ ಸಾಕಷ್ಟು ಖಾಲಿ ಜಾಗ ಬಿಟ್ಟುಕೊಂಡು. ಎಥನಾಲ್ ಅಣುವಿನ ಒಂದು ತುದಿಯ ಓಎಚ್ (ಆಮ್ಲಜನಕ-ಹೈಡ್ರೋಜನ್) ಗುಂಪು ನೀರಿನ ಜೊತೆ ಬಂಧ ಕಟ್ಟುತ್ತದೆ, ಕಾರ್ಬನ್ ಇರುವ ಇನ್ನೊಂದು ತುದಿಗೆ ನೀರಿನ ಸಹವಾಸವೇ ಬೇಡ. ಹೊಸ ಜೋಡಣೆ ಮೊದಲಿಗಿಂತ ಬಿಗಿ. ಹಾಗಾಗಿ ಗಾತ್ರ ಕುಗ್ಗುತ್ತದೆ, ಒಂದಷ್ಟು ಶಕ್ತಿ ಶಾಖವಾಗಿ ಹೊರಬರುತ್ತದೆ.

ಇದಕ್ಕಿಂತ ಮಜಾ ಎಂಟ್ರೊಪಿಯದು. ಎರಡು ದ್ರವ ಸುಮ್ನೆ ಬೆರೆತರೆ ಅಣುಗಳ ಅಸ್ತವ್ಯಸ್ತತೆ (ಅದರ ಅಳತೆಯೇ ಎಂಟ್ರೊಪಿ) ಇಷ್ಟು ಹೆಚ್ಚಬೇಕು ಅಂತ ಒಂದು ಲೆಕ್ಕ ಇದೆ ಅಲ್ವಾ, ಇಲ್ಲಿ ಅಷ್ಟು ಹೆಚ್ಚುವುದೇ ಇಲ್ಲ. ಕಾರ್ಬನ್ ತುದಿಯ ಸುತ್ತ ನೀರು ಮಂಜುಗಡ್ಡೆಯ ರೀತಿ ಜೋಡಿಸಿಕೊಳ್ಳುತ್ತದೆ, ಅದಕ್ಕೇ ಹೀಗೆ ಎಂದು 1945ರಲ್ಲಿ ಫ್ರಾಂಕ್ ಮತ್ತು ಇವಾನ್ಸ್ ಎಂಬ ವಿಜ್ಞಾನಿಗಳು ಹೇಳಿದರು. ಆದರೆ 2002ರಲ್ಲಿ ಮೆಥನಾಲ್ (ಎಥನಾಲ್‌ಗಿಂತ ಚಿಕ್ಕ ಅಣುವಿನ ಇನ್ನೊಂದು ಆಲ್ಕೋಹಾಲ್) ಜಾಸ್ತಿ ಇರುವ ನೀರಿನ ಮಿಶ್ರಣಕ್ಕೆ ನ್ಯೂಟ್ರಾನ್ ಕಣಗಳನ್ನು ಹಾಯಿಸಿ ನೋಡಿದಾಗ ಬೇರೆಯದೇ ಕಂಡಿತು: ಎರಡೂ ಪೂರ್ತಿ ಬೆರೆತೇ ಇಲ್ಲ, ನೀರಿನ ಬಹುಪಾಲು ಅಣುಗಳು ಸಣ್ಣ ಸಣ್ಣ ಗುಂಪುಗಳಾಗಿಯೇ ಉಳಿದಿವೆ! ನನಗಂತೂ ಮಂಜುಗಡ್ಡೆಗಿಂತ ಈ ವಿವರಣೆಯೇ ಹೆಚ್ಚು ಒಪ್ಪಿಗೆ.