ಬೋಟು ಹತ್ತಿರ ಬಂದರೆ ತಿಮಿಂಗಿಲಕ್ಕೆ ಏನಾಗುತ್ತದೆ?

ಮಾರ್ಚ್‌ನಲ್ಲಿ ಶ್ರೀಲಂಕಾದ ಮಿರಿಸ್ಸಾಗೆ ಹೋಗುತ್ತಿದ್ದೇವೆ, ಪ್ರವಾಸಿ ಬೋಟುಗಳಿಂದ ತಿಮಿಂಗಿಲಗಳಿಗೆ ನಿಜಕ್ಕೂ ತೊಂದರೆಯೇ, ತೊಂದರೆಯಾಗುತ್ತಿದ್ದರೆ ನಮಗೆ ಗೊತ್ತಾಗುವುದು ಹೇಗೆ ಎಂದು ಕೇಳಿದ್ದೀರಿ. ತೊಂದರೆ ಆಗುತ್ತದೆ. ಎಷ್ಟು ಎಂಬುದು ಬೋಟು ನಡೆಸುವವರ ಕೈಯಲ್ಲಿದೆ.

ಅಲ್ಲಿ ನಿಮ್ಮ ಕಣ್ಣು ಉಸಿರಿನ ಮೇಲಿರಲಿ. ಮಿರಿಸ್ಸಾದ ನೀಲಿ ತಿಮಿಂಗಿಲಗಳು ಸಣ್ಣ ಸೀಗಡಿ ತಿನ್ನಲು ಆಳಕ್ಕಿಳಿಯುತ್ತವೆ. ಹೆಚ್ಚುಕಡಿಮೆ 10 ನಿಮಿಷ ಬಿಟ್ಟು ಮೇಲೆ ಬರುತ್ತವೆ. ಮೇಲೆ ಇರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಸಾಲಾಗಿ ಹಲವು ಬಾರಿ ಉಸಿರುಬಿಟ್ಟು, ಬೆನ್ನು ಬಾಗಿಸಿ, ಎಷ್ಟೋ ಸಲ ಬಾಲವನ್ನೂ ಎತ್ತಿ ಮುಳುಗುತ್ತವೆ. ಆ ಉಸಿರುಗಳೇ ಮುಂದಿನ ಮುಳುಗಿಗೆ ಬಂಡವಾಳ. ಬೋಟು ಎದುರಿಗೆ ಅಡ್ಡ ಬಂದು, ಎರಡು ಮೂರು ಉಸಿರಿಗೇ ಪ್ರಾಣಿ ಒಳಗೆ ಹೋಯಿತೋ, ಸಾಕಷ್ಟು ಗಾಳಿ ಇಲ್ಲದೆ ಇಳಿದಿದೆ ಎಂದರ್ಥ; ಕೆಳಗೆ ತಿನ್ನಲು ಸಿಗುವ ಹೊತ್ತೂ ಕಡಿಮೆಯಾಗುತ್ತದೆ. ಥಟ್ಟನೆ ದಿಕ್ಕು ಬದಲಿಸುವುದು, ವೇಗ ಹೆಚ್ಚಿಸುವುದು, ತಾಯಿ ತನ್ನ ಮರಿಗೂ ಬೋಟಿಗೂ ನಡುವೆ ಬಂದು ನಿಲ್ಲುವುದು, ಇವೂ ತೊಂದರೆಯ ಗುರುತುಗಳೇ.

100 ಮೀಟರ್ ದೂರ ಇದ್ದರಾಯಿತು ಎಂದು ಬಹಳ ಜನ ನಂಬಿದ್ದಾರೆ. ಅದೊಂದೇ ಸಾಲದು, ಸದ್ದೂ ಮುಖ್ಯ. ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿಯಲ್ಲಿ ವಿಶ್ರಮಿಸುತ್ತಿದ್ದ ಹಂಪ್‌ಬ್ಯಾಕ್ ಎಂಬ ಜಾತಿಯ ತಿಮಿಂಗಿಲ ತಾಯಿ-ಮರಿಗಳಿಗೆ ಸಂಶೋಧಕರು 100 ಮೀಟರ್ ದೂರದಿಂದಲೇ ಬೋಟಿನ ಸದ್ದನ್ನು ಬೇರೆಬೇರೆ ಮಟ್ಟದಲ್ಲಿ ಕೇಳಿಸಿ, ಮೇಲಿನಿಂದ ಡ್ರೋನ್‌ನಲ್ಲಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಸದ್ದು 172 ಡೆಸಿಬಲ್‌ಗೆ ಏರಿದಾಗ (ನೀರೊಳಗಿನ ಅಳತೆ ಇದು, ಗಾಳಿಯ ಡೆಸಿಬಲ್‌ಗೆ ಹೋಲಿಸಬೇಡಿ) ತಾಯಿಯ ವಿಶ್ರಾಂತಿ ಶೇ. 30ರಷ್ಟು ಇಳಿಯಿತು, ಉಸಿರಾಟ ಎರಡರಷ್ಟಾಯಿತು, ಈಜುವ ವೇಗ ಶೇ. 37 ಹೆಚ್ಚಿತು. ಮರಿ ಸಾಕುವ ಆ ತಿಂಗಳುಗಳಲ್ಲಿ ತಾಯಿ ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. ಹೀಗೆ ಖರ್ಚಾಗುವ ಕೊಬ್ಬೆಲ್ಲ ಮರಿಯ ಹಾಲಿಗೆ ಸೇರಬೇಕಾದ ಪಾಲು.

ಸದ್ದು ಹೆಚ್ಚಾಗಿ ಪ್ರೊಪೆಲ್ಲರ್‌ನದು. ವೇಗ ಏರಿದಂತೆ ಅದರ ರೆಕ್ಕೆಗಳ ಮೇಲೆ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಇದ್ದಕ್ಕಿದ್ದಂತೆ ರಿವರ್ಸ್ ಹಾಕಿದರೂ ಇದೇ ಪಾಡು. ಒಳ್ಳೆಯ ಚಾಲಕ ದೂರದಲ್ಲೇ ವೇಗ ಇಳಿಸಿ, ಪಕ್ಕದಿಂದ ಸ್ವಲ್ಪ ಹಿಂದೆ ಉಳಿದು ತಿಮಿಂಗಿಲಕ್ಕೆ ಸಮಾನಾಂತರವಾಗಿ ಸಾಗುತ್ತಾನೆ. ತಿಮಿಂಗಿಲವೇ ಬೋಟಿನತ್ತ ಬಂದರೆ ನ್ಯೂಟ್ರಲ್‌ಗೆ ಹಾಕಿ ಸುಮ್ಮನಿರುತ್ತಾನೆ. ಹಾಗೆ ತಾವಾಗಿ ಬರುವವೂ ಇವೆ. ಮೆಕ್ಸಿಕೋದ ಸ್ಯಾನ್ ಇಗ್ನಾಸಿಯೊ ಲಗೂನ್‌ನಲ್ಲಿ ಬೂದು ತಿಮಿಂಗಿಲಗಳು ಮರಿಯೊಂದಿಗೆ ಬೋಟಿನ ಬದಿಗೇ ಬರುತ್ತವೆ. ಎಲ್ಲ ಜಾತಿಯೂ ಹಾಗಲ್ಲ.

ಮಿರಿಸ್ಸಾದಲ್ಲಿ ಇನ್ನೊಂದು ಅಪಾಯವಿದೆ: ಶ್ರೀಲಂಕಾದ ದಕ್ಷಿಣದ ದೊಂಡ್ರಾ ತುದಿಯಾಚೆ ದೊಡ್ಡ ಹಡಗುಗಳ ಮಾರ್ಗ. ಎಂಎಸ್‌ಸಿ ಎಂಬ ಹಡಗು ಕಂಪನಿ 2022ರಿಂದ ತನ್ನ ಹಡಗುಗಳನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿದೆ. ಬೋಟುಗಳು ಸುತ್ತುಗಟ್ಟಿ ತಿಮಿಂಗಿಲವನ್ನು ಹೊರಸಮುದ್ರಕ್ಕೆ ಅಟ್ಟಿದರೆ ಅದು ಹೋಗುವುದು ಆ ಹಡಗುಗಳ ಕಡೆಗೇ.

ದುಡ್ಡು ಕೊಡುವ ಮೊದಲೇ ಕೇಳಿ: ತಿಮಿಂಗಿಲದಿಂದ ಎಷ್ಟು ದೂರ ಇರುತ್ತೀರಿ, ಬೇರೆ ಬೋಟುಗಳು ಆಗಲೇ ಇದ್ದರೆ ಏನು ಮಾಡುತ್ತೀರಿ, ಒಂದೇ ಪ್ರಾಣಿಯ ಬಳಿ ಎಷ್ಟು ಹೊತ್ತು ಇರುತ್ತೀರಿ. "ಕೈಗೆಟುಕುವಷ್ಟು ಹತ್ತಿರ ಕರೆದೊಯ್ಯುತ್ತೇವೆ" ಎನ್ನುವವರನ್ನು ಬಿಡಿ. ಪ್ರವಾಸಿಗರು ಕೂಗಿ ಕೇಳುವುದರಿಂದಲೇ ಎಷ್ಟೋ ಚಾಲಕರು ಹತ್ತಿರ ನುಗ್ಗುತ್ತಾರೆ. ಹತ್ತುವಾಗಲೇ "ನಮಗೆ ದೂರದಿಂದ ಕಂಡರೆ ಸಾಕು" ಎಂದುಬಿಡಿ, ಒಂದು ಬೈನಾಕ್ಯುಲರ್ ಜೊತೆಗಿರಲಿ.