ಊಹೆ, ಸಿದ್ಧಾಂತ, ನಿಯಮ: ಹೈಸ್ಕೂಲ್ ಮಕ್ಕಳಿಗೆ ಇವುಗಳ ವ್ಯತ್ಯಾಸ ಬಾಯಿಪಾಠ ಮಾಡಿಸುವುದು ಹೇಗೆ?

ಈ ಪ್ರಶ್ನೆ ಬರೆದು ಕಳಿಸಿದ ಶಿರಸಿ ಕಡೆಯ ಶಿಕ್ಷಕರಿಗೆ ನನ್ನ ಉತ್ತರ: ಬಾಯಿಪಾಠ ಮಾಡಿಸಲೇಬೇಡಿ. ಊಹೆ ಬಲಿತರೆ ಸಿದ್ಧಾಂತ, ಅದು ಸಾಬೀತಾದರೆ ನಿಯಮ ಅಂತ ನೀವು ಬರೆದಿರುವ ಮೆಟ್ಟಿಲನ್ನೇ ನನಗೂ ಕಲಿಸಿದ್ದರು. ಅಂಕ ಬಂತು, ವಿಜ್ಞಾನ ತಲೆಗೆ ಹತ್ತಲಿಲ್ಲ.

ನಮ್ಮೂರು ಕಾರವಾರದ ಹತ್ತಿರ, ಕಾಳಿ ನದಿ ದಂಡೆಯ ಕಡವಾಡ. ಹೈಸ್ಕೂಲಿನಲ್ಲಿದ್ದಾಗ ವಿಜ್ಞಾನ ವಸ್ತುಪ್ರದರ್ಶನಕ್ಕೆ ಉಬ್ಬರ-ಇಳಿತ ಅಳೆಯಲು ಹೊರಟೆ. ದೋಣಿ ಕಟ್ಟುವ ಕಂಬಕ್ಕೆ ಬಣ್ಣದ ಗೆರೆ ಹಾಕಿ, ನೀರು ಯಾವ ಗೆರೆ ಮುಟ್ಟಿತು, ಎಷ್ಟು ಗಂಟೆಗೆ ಅಂತ ಬರೆದುಕೊಳ್ಳುತ್ತಿದ್ದೆ. ದಿನಕ್ಕೆ ಎರಡು ಭರತಿ (ಉಬ್ಬರ), ಮರುದಿನ ಸುಮಾರು 50 ನಿಮಿಷ ತಡ. ಅಲ್ಲಿಯವರೆಗೆ ಎಲ್ಲ ಪುಸ್ತಕದಲ್ಲಿದ್ದ ಹಾಗೇ. ಆದರೆ ಕಾರವಾರ ಬಂದರಿನ ಉಬ್ಬರದ ಪಟ್ಟಿ ಪಕ್ಕಕ್ಕಿಟ್ಟು ನೋಡಿದರೆ ನನ್ನ ಹೊತ್ತು ಪ್ರತಿಸಲವೂ ತಡ. ಅಚ್ಚಾದದ್ದು ತಪ್ಪಿರಲ್ಲ, ನನ್ನ ಗಡಿಯಾರವೇ ಸರಿ ಇಲ್ಲ ಅಂದುಕೊಂಡೆ. ರಬ್ಬರಿನಿಂದ ಅಳಿಸಿ ಪಟ್ಟಿಯ ಹೊತ್ತನ್ನೇ ತುಂಬಿದೆ.

ತೀರ್ಪುಗಾರರು ಕೇಳಿದ್ದು ಒಂದೇ ಪ್ರಶ್ನೆ. "ಕಡಲಲ್ಲೂ ಕಡವಾಡದಲ್ಲೂ ಒಂದೇ ಹೊತ್ತಿಗೆ ನೀರು ಏರ್ತದಾ ತಂಗಿ?"

ಏರುವುದಿಲ್ಲ. ಉಬ್ಬರ, ನದಿ ಕಡಲು ಸೇರುವ ಅಳಿವೆಯಿಂದ ನದಿಯೊಳಗೆ ಸಾಗಿ ಬರಬೇಕು, ಆಳ ಕಡಿಮೆ ಇದ್ದಲ್ಲಿ ಅದರ ವೇಗವೂ ಕಡಿಮೆ. ಆ ತಡವೇ ನನಗೆ ಸಿಕ್ಕ ವಿಷಯ, ಅದನ್ನೇ ಅಳಿಸಿದ್ದೆ. ಗಡಿಯಾರದ ಮೇಲೆ ಅನುಮಾನವಿದ್ದರೆ ರೇಡಿಯೋ ವಾರ್ತೆಯ ಹೊತ್ತಿಗೆ ಹೊಂದಿಸಿ ನೋಡಬಹುದಿತ್ತು. ಗೆಳತಿಯೊಬ್ಬಳನ್ನು ಅಳಿವೆಯ ಬಳಿಯ ಸದಾಶಿವಗಡದ ಸೇತುವೆ ಹತ್ತಿರ ನಿಲ್ಲಿಸಿ ಅದೇ ದಿನ ಅಳೆಯಬಹುದಿತ್ತು. ಪಟ್ಟಿ ಬಂದರಿನದು ಅಂತ ತಲೆಬರಹದಲ್ಲೇ ಇತ್ತು, ಅದನ್ನಾದರೂ ಯೋಚಿಸಬಹುದಿತ್ತು. ಜಿಲ್ಲಾ ಮಟ್ಟಕ್ಕೆ ಹೋಗುವ ಅವಕಾಶ ತಪ್ಪಿತು. ಅದಕ್ಕಿಂತ ಜಾಸ್ತಿ ಬೇಜಾರು ಆ ಅಂಕೆಗಳದ್ದು. ಅವು ಮತ್ತೆ ಎಲ್ಲೂ ಸಿಗುವಂಥವಲ್ಲ.

ವಿಜ್ಞಾನ ಬದಲಾಗುತ್ತದೆ ಅಂದರೆ ಮಕ್ಕಳಿಗೆ ನಂಬಿಕೆ ಹೋಗುತ್ತದೆ ಅಂತ ಹೆದರಿದ್ದೀರಿ. ಯಾಕೆ ಬದಲಾಯಿತು ಅಂತ ಹೇಳಿದರೆ ನಂಬಿಕೆ ಗಟ್ಟಿಯಾಗುತ್ತದೆ. ಭೂಮಿಯ ಚಲನೆಯಿಂದಲೇ ಸಮುದ್ರ ತುಳುಕುತ್ತದೆ ಅಂತ 1632ರಲ್ಲಿ ಗೆಲಿಲಿಯೋ ವಾದಿಸಿದ. ಇದು ಚಂದ್ರನ ಕೆಲಸ ಅಂದಿದ್ದ ಖಗೋಳಶಾಸ್ತ್ರಜ್ಞ ಕೆಪ್ಲರನ ಮಾತನ್ನು ತಳ್ಳಿಹಾಕಿದ. ಗೆಲಿಲಿಯೋನ ವಾದದ ಪ್ರಕಾರ ದಿನಕ್ಕೆ ಒಂದೇ ಉಬ್ಬರ ಬರಬೇಕು. ಎರಡು ಬರುತ್ತವೆ ಅಂತ ನಮ್ಮ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ, ಅಲ್ವಾ? 1687ರಲ್ಲಿ ನ್ಯೂಟನ್ ಚಂದ್ರ-ಸೂರ್ಯರ ಸೆಳೆತದಿಂದ ಅದನ್ನು ವಿವರಿಸಿದ. ಅವನ ನಿಯಮ ಸೆಳೆತ ಎಷ್ಟು ಅಂತ ಹೇಳಿತು. ಯಾಕೆ ಸೆಳೆಯುತ್ತದೆ ಅನ್ನುವುದಕ್ಕೆ 1915ರ ಐನ್‌ಸ್ಟೈನ್ ಸಿದ್ಧಾಂತ ಬರಬೇಕಾಯಿತು. ನಿಯಮ ಮೊದಲು, ಸಿದ್ಧಾಂತ ಆಮೇಲೆ. ಎರಡರ ಕೆಲಸವೇ ಬೇರೆ, ಒಂದರ ಮೇಲೊಂದು ಮೆಟ್ಟಿಲಲ್ಲ.

ನಿಮ್ಮ ಶಾಲೆ ಶಿರಸಿ ಕಡೆ ಅಂದಿರಿ. ಮಳೆಗಾಲದಲ್ಲಿ ಒಂದೇ ಅಳತೆಯ, ನೇರ ಬದಿಯ ಎರಡು ಡಬ್ಬಿ ಇಡಿಸಿ. ಒಂದು ಶಾಲೆ ಮೈದಾನದಲ್ಲಿ, ಇನ್ನೊಂದು ಅಡಿಕೆ ತೋಟದೊಳಗೆ. ಬೆಳಿಗ್ಗೆ 8.30ಕ್ಕೆ ಅಳೆಯಲು ಹೇಳಿ, ಹವಾಮಾನ ಇಲಾಖೆ ಅಳೆಯುವುದೂ ಆಗಲೇ. ಎರಡೂ ಹೊಂದುವುದಿಲ್ಲ, ಪೇಪರಿನಲ್ಲಿ ಬಂದ ಅಂಕೆಗೂ ಹೊಂದುವುದಿಲ್ಲ. ಯಾಕಿರಬಹುದು ಅಂತ ಯೋಚಿಸಿ ಬರೆದವರಿಗೆ ಅಂಕ ಕೊಡಿ. ವ್ಯಾಖ್ಯೆ ಆಮೇಲೆ ನೋಡಿಕೊಂಡರಾಯಿತು.